ಪಾರ್ಲಿಮೆಂಟಿಗೆ ಕನ್ನಡಿ ಹಿಡಿದ ಕಾನೂನು

1968ರ ಫೆಬ್ರುವರಿ ತಿಂಗಳ ಕೊನೆಯ ದಿನಗಳು. ಕೀನ್ಯಾದ ರಾಜಧಾನಿ ನೈರೋಬಿಯಿಂದ ಲಂಡನ್ನಿಗೆ ಹೊರಡುವ ವಿಮಾನಗಳಲ್ಲಿ ಜಾಗಕ್ಕಾಗಿ ನೂಕುನುಗ್ಗಲು. ಹೊರಟವರಲ್ಲಿ ಹೆಚ್ಚಿನವರು ಭಾರತೀಯ ಮೂಲದ ಗುಜರಾತಿಗಳು, ಪಂಜಾಬಿಗಳು, ಗೋವೆಯವರು. ಎಲ್ಲರ ಕೈಯಲ್ಲೂ ಬ್ರಿಟಿಷ್ ಪಾಸ್‌ಪೋರ್ಟು. 1963ರ ಡಿಸೆಂಬರಿನಲ್ಲಿ ಕೀನ್ಯಾ ಸ್ವತಂತ್ರವಾದಾಗ ಆ ದೇಶದ ಪೌರತ್ವ ಪಡೆಯದೆ ಬ್ರಿಟನ್ನಿನ ಪೌರತ್ವವನ್ನೇ ಉಳಿಸಿಕೊಂಡವರು ಇವರು. 1967ರಲ್ಲಿ ಕೀನ್ಯಾ ಸರ್ಕಾರ ಪೌರರಲ್ಲದವರ ಉದ್ಯೋಗ, ವ್ಯಾಪಾರಗಳಿಗೆ ಪರವಾನಗಿಯ ನಿರ್ಬಂಧ ಹಾಕತೊಡಗಿದಾಗ ಅವರಿಗೆ ಉಳಿದಿದ್ದ ಆಸರೆಯೆಂದರೆ ಆ ಪಾಸ್‌ಪೋರ್ಟು ಮಾತ್ರ.

ಆದರೆ ಲಂಡನ್ನಿನಲ್ಲಿ ಬಾಗಿಲು ಮುಚ್ಚುವ ಕೆಲಸ ನಡೆದಿತ್ತು. ಲೇಬರ್ ಪಕ್ಷದ ಸರ್ಕಾರದ ಗೃಹ ಸಚಿವ ಜೇಮ್ಸ್ ಕ್ಯಾಲಹನ್ ತಂದ ಕಾಮನ್‌ವೆಲ್ತ್ ವಲಸೆಗಾರರ ಮಸೂದೆಗೆ ಪಾರ್ಲಿಮೆಂಟಿನ ಎರಡೂ ಸದನಗಳು ಮೂರೇ ದಿನಗಳಲ್ಲಿ ಒಪ್ಪಿಗೆ ಕೊಟ್ಟವು. ಮಾರ್ಚ್ 1ರಂದು ಅದು ಕಾನೂನಾಯಿತು. ಇನ್ನು ಮುಂದೆ ಬ್ರಿಟಿಷ್ ಪಾಸ್‌ಪೋರ್ಟು ಇದ್ದರಷ್ಟೇ ಸಾಲದು. ಆ ವ್ಯಕ್ತಿ ಅಥವಾ ಆತನ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿಯೇ ಪೌರತ್ವ ಪಡೆದಿರಬೇಕು. ಕಾನೂನಿನಲ್ಲಿ ಮೈಬಣ್ಣದ ಮಾತು ಎಲ್ಲೂ ಇರಲಿಲ್ಲ. ಆದರೆ ಕೀನ್ಯಾದಲ್ಲಿ ನೆಲೆಸಿದ್ದ ಬಿಳಿಯರಲ್ಲಿ ಬಹುತೇಕರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಅಜ್ಜನಿದ್ದ. ಭಾರತೀಯ ಮೂಲದ ಅಂಗಡಿಕಾರನಿಗೆ ಇರಲಿಲ್ಲ. ವ್ಯತ್ಯಾಸ ಯಾರಿಗೂ ಅರ್ಥವಾಗದ್ದೇನಲ್ಲ.

ಸ್ವಂತ ಪೌರರನ್ನೇ ಹೊರಗಿಡುವ ಈ ಕಾನೂನನ್ನು ರದ್ದುಪಡಿಸಲು ಬ್ರಿಟನ್ನಿನ ನ್ಯಾಯಾಲಯಗಳಿಗೆ ಸಾಧ್ಯವಿತ್ತೇ? ಇರಲಿಲ್ಲ. ಇದು ತಪ್ಪು ಎಂದು ತೀರ್ಪಿನಲ್ಲಿ ಘೋಷಿಸುವ ದಾರಿಯೂ ಇರಲಿಲ್ಲ. ಪಾರ್ಲಿಮೆಂಟು ಹೇಳಿದ ಮೇಲೆ ಮುಗಿಯಿತು. ಬ್ರಿಟನ್ನಿನಲ್ಲಿ ‘ಪಾರ್ಲಿಮೆಂಟಿನ ಸಾರ್ವಭೌಮತ್ವ’ ಎಂಬ ದೊಡ್ಡ ಮಾತಿನ ವ್ಯಾವಹಾರಿಕ ಅರ್ಥ ಇದೇ. ಮೂವತ್ತು ವರ್ಷಗಳ ನಂತರ, 1998ರಲ್ಲಿ ಅದೇ ಪಾರ್ಲಿಮೆಂಟು ಮಾನವ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ಅದರಿಂದ ಆ ಸಾರ್ವಭೌಮತ್ವ ಕುಗ್ಗಿತೇ, ಉಳಿಯಿತೇ ಎಂಬ ವಾದ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ದೊರೆಯಿಂದ ಸದನಕ್ಕೆ

ಈ ಸಾರ್ವಭೌಮತ್ವ ಒಂದು ದಿನದಲ್ಲಿ ಬಂದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡೆದ ಜಗಳದಲ್ಲಿ ಒಬ್ಬ ದೊರೆ, ಒಂದನೆಯ ಚಾರ್ಲ್ಸ್, 1649ರಲ್ಲಿ ತಲೆ ಕಳೆದುಕೊಂಡ. ಇನ್ನೊಬ್ಬ, ಎರಡನೆಯ ಜೇಮ್ಸ್, 1688ರಲ್ಲಿ ದೇಶ ಬಿಟ್ಟು ಓಡಿದ. ಮರುವರ್ಷದ ಹಕ್ಕುಗಳ ಮಸೂದೆ ದೊರೆ ತನ್ನಿಚ್ಛೆಯಂತೆ ಕಾನೂನನ್ನು ಅಮಾನತಿನಲ್ಲಿಡುವಂತಿಲ್ಲ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವಂತಿಲ್ಲ ಎಂದು ಕಟ್ಟುಮಾಡಿತು. ಆದ್ದರಿಂದ ಇಂಗ್ಲಿಷರ ನೆನಪಿನಲ್ಲಿ ಪಾರ್ಲಿಮೆಂಟಿನ ಬಲವೆಂದರೆ ದಬ್ಬಾಳಿಕೆಯ ಸಾಧನವಲ್ಲ, ದಬ್ಬಾಳಿಕೆಗೆ ಹಾಕಿದ ಅಂಕುಶ.

ಆಕ್ಸ್‌ಫರ್ಡಿನ ಕಾನೂನು ಪ್ರಾಧ್ಯಾಪಕ ಎ.ವಿ. ಡೈಸಿ 1885ರಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಅವರ ವಿವರಣೆಯ ಸಾರ ಮೂರು ಮಾತು: ಪಾರ್ಲಿಮೆಂಟು ಯಾವ ಕಾನೂನನ್ನಾದರೂ ಮಾಡಬಹುದು, ಯಾವುದನ್ನಾದರೂ ಅಳಿಸಬಹುದು, ಅದು ಮಾಡಿದ ಕಾನೂನನ್ನು ಬದಿಗೊತ್ತುವ ಹಕ್ಕು ಬೇರಾರಿಗೂ ಇಲ್ಲ, ಇಂದಿನ ಪಾರ್ಲಿಮೆಂಟು ನಾಳಿನ ಪಾರ್ಲಿಮೆಂಟಿನ ಕೈ ಕಟ್ಟಲಾರದು.

ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. 1910ರ ಡಿಸೆಂಬರಿನಲ್ಲಿ ಆಯ್ಕೆಯಾದ ಪಾರ್ಲಿಮೆಂಟು ಮೊದಲ ಮಹಾಯುದ್ಧದ ಕಾರಣ ತನ್ನ ಆಯುಷ್ಯವನ್ನು ತಾನೇ ಹೆಚ್ಚಿಸಿಕೊಂಡು 1918ರವರೆಗೆ ಕುಳಿತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸೇನೆ 1942ರಲ್ಲಿ ಬರ್ಮಾ ಆಯಿಲ್ ಕಂಪನಿಯ ತೈಲ ಸ್ಥಾವರಗಳನ್ನು ನಾಶಮಾಡಿತು. ಇದಕ್ಕೆ ಪರಿಹಾರ ಸಲ್ಲಬೇಕೆಂದು ದೇಶದ ಅತ್ಯುನ್ನತ ನ್ಯಾಯಪೀಠ 1964ರಲ್ಲಿ ತೀರ್ಪಿತ್ತಿತು. ಮರುವರ್ಷವೇ ಪಾರ್ಲಿಮೆಂಟು ಹಿಂದಿನಿಂದಲೇ ಅನ್ವಯವಾಗುವ ಕಾನೂನು ಮಾಡಿ ಆ ಪರಿಹಾರವನ್ನು ಇಲ್ಲವಾಗಿಸಿತು. ಗೆದ್ದ ಕಂಪನಿಗೆ ಗೆಲುವು ಮಾತ್ರ ಉಳಿಯಿತು.

ಸ್ಟ್ರಾಸ್‌ಬರ್ಗಿನ ದಾರಿ

ಎರಡನೆಯ ಮಹಾಯುದ್ಧದ ಅನಾಹುತ ಕಂಡ ಯುರೋಪಿನ ದೇಶಗಳು 1950ರ ನವೆಂಬರ್ 4ರಂದು ರೋಮ್ ನಗರದಲ್ಲಿ ಮಾನವ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಿದವು. ಇದು ಇಂದಿನ ಯುರೋಪಿಯನ್ ಒಕ್ಕೂಟದ್ದಲ್ಲ. ಅದಕ್ಕಿಂತ ಬೇರೆಯಾದ, ಅದಕ್ಕಿಂತ ಹಳೆಯದಾದ ಯುರೋಪ್ ಮಂಡಲಿಯದು. 2020ರಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಬಂದರೂ ಒಡಂಬಡಿಕೆಯಲ್ಲಿ ಉಳಿದದ್ದು ಇದೇ ಕಾರಣದಿಂದ. ಅದರ ಕರಡು ಸಿದ್ಧಪಡಿಸಿದವರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ವಕೀಲ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್ ಪ್ರಮುಖರು. 1951ರಲ್ಲಿ ಒಡಂಬಡಿಕೆಯನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವೂ ಬ್ರಿಟನ್ನೇ. ಹಕ್ಕುಗಳ ಪಾಠ ಬೇಕಾಗಿರುವುದು ಬೇರೆಯವರಿಗೆ, ತಮಗಲ್ಲ ಎಂಬ ಆತ್ಮವಿಶ್ವಾಸ ಆಗ ಲಂಡನ್ನಿನಲ್ಲಿ ಸಾಕಷ್ಟಿತ್ತು.

ಆದರೆ ಬ್ರಿಟನ್ನಿನ ಪದ್ಧತಿಯಲ್ಲಿ ಸರ್ಕಾರ ಸಹಿ ಮಾಡಿದ ಒಡಂಬಡಿಕೆ ತಾನಾಗಿ ದೇಶದ ಕಾನೂನಾಗುವುದಿಲ್ಲ. ಪಾರ್ಲಿಮೆಂಟು ಪ್ರತ್ಯೇಕವಾಗಿ ಶಾಸನ ಮಾಡಬೇಕು. ಅದನ್ನು ಮಾಡಲಿಲ್ಲ. 1966ರಲ್ಲಿ ಮಾತ್ರ, ನೊಂದ ವ್ಯಕ್ತಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರಕ್ಕೆ ನೇರವಾಗಿ ದೂರು ಒಯ್ಯಬಹುದೆಂದು ಸರ್ಕಾರ ಒಪ್ಪಿತು. ಪೂರ್ವ ಆಫ್ರಿಕಾದ ಭಾರತೀಯರು ಹಿಡಿದದ್ದು ಆ ದಾರಿಯನ್ನು. 1973ರಲ್ಲಿ ಯುರೋಪಿನ ಮಾನವ ಹಕ್ಕುಗಳ ಆಯೋಗ, 1968ರ ಕಾನೂನು ಜನಾಂಗದ ಆಧಾರದ ಮೇಲೆ ಈ ಜನರನ್ನು ಹೀನಾಯವಾಗಿ ನಡೆಸಿಕೊಂಡಿದೆ ಎಂಬ ತೀರ್ಮಾನಕ್ಕೆ ಬಂತು. ಆದರೆ ಆ ವರದಿ ಬೆಳಕು ಕಂಡದ್ದು 1994ರಲ್ಲಿ. ಅಷ್ಟರಲ್ಲಿ ಇಪ್ಪತ್ತಾರು ವರ್ಷ ಕಳೆದಿತ್ತು. ಅನೇಕ ಕುಟುಂಬಗಳು ಆ ವೇಳೆಗೆ ಎಲ್ಲೋ ಹೇಗೋ ಬಾಳು ಕಟ್ಟಿಕೊಂಡಿದ್ದವು.

ಮುಂದೆ ಒಂದರ ಹಿಂದೊಂದರಂತೆ ಬ್ರಿಟನ್ ಸ್ಟ್ರಾಸ್‌ಬರ್ಗಿನಲ್ಲಿ ಸೋಲತೊಡಗಿತು. ಕೈದಿಯೊಬ್ಬ ವಕೀಲರಿಗೆ ಪತ್ರ ಬರೆಯುವುದನ್ನು ತಡೆದದ್ದು 1975ರಲ್ಲಿ, ಥಾಲಿಡೊಮೈಡ್ ಔಷಧದ ದುರಂತದ ಬಗ್ಗೆ ‘ಸಂಡೇ ಟೈಮ್ಸ್’ ಪತ್ರಿಕೆಯ ಲೇಖನಕ್ಕೆ ತಡೆ ಹಾಕಿದ್ದು 1979ರಲ್ಲಿ, ಸ್ಪಷ್ಟ ಕಾನೂನಿಲ್ಲದೆ ಟೆಲಿಫೋನ್ ಕದ್ದಾಲಿಸಿದ್ದು 1984ರಲ್ಲಿ ತಪ್ಪೆಂದು ತೀರ್ಮಾನವಾಯಿತು. ಸ್ವದೇಶದ ನ್ಯಾಯಾಲಯದಲ್ಲಿ ಕೇಳಲಾಗದ ನ್ಯಾಯವನ್ನು ಪರದೇಶದಲ್ಲಿ ಕೇಳಬೇಕಾದ ಸ್ಥಿತಿ ಇದು. 1997ರಲ್ಲಿ ಅಧಿಕಾರಕ್ಕೆ ಬಂದ ಟೋನಿ ಬ್ಲೇರ್ ಸರ್ಕಾರ ಹಕ್ಕುಗಳನ್ನು ಮನೆಗೆ ತರುವುದಾಗಿ ಹೇಳಿತು. ಲಾರ್ಡ್ ಚಾನ್ಸಲರ್ ಆಗಿದ್ದ ಲಾರ್ಡ್ ಅರ್ವಿನ್ ಮತ್ತು ಗೃಹ ಸಚಿವ ಜ್ಯಾಕ್ ಸ್ಟ್ರಾ ಮುಂದೆ ನಿಂತು ತಂದ ಮಾನವ ಹಕ್ಕುಗಳ ಕಾಯ್ದೆಗೆ 1998ರ ನವೆಂಬರ್ 9ರಂದು ಅಂಕಿತ ಬಿತ್ತು. ಅದು ಪೂರ್ಣವಾಗಿ ಜಾರಿಗೆ ಬಂದದ್ದು 2000ದ ಅಕ್ಟೋಬರ್ 2ರಂದು.

ರದ್ದಲ್ಲ, ಘೋಷಣೆ

ಈ ಕಾಯ್ದೆಯ ಜಾಣತನವೆಲ್ಲ ಅದರ ಕೆಲವೇ ಕಲಮುಗಳಲ್ಲಿದೆ. ಮೂರನೆಯ ಕಲಂ ಪ್ರಕಾರ ನ್ಯಾಯಾಧೀಶರು ಯಾವುದೇ ಕಾನೂನನ್ನು ಸಾಧ್ಯವಿರುವ ಮಟ್ಟಿಗೆ ಹಕ್ಕುಗಳಿಗೆ ಹೊಂದುವಂತೆ ಓದಬೇಕು. ಹಾಗೆ ಓದಲು ಸಾಧ್ಯವೇ ಇಲ್ಲದಿದ್ದರೆ, ಆ ಕಾನೂನು ಹಕ್ಕುಗಳಿಗೆ ವಿರುದ್ಧವಾಗಿದೆ ಎಂದು ಉನ್ನತ ನ್ಯಾಯಾಲಯಗಳು ನಾಲ್ಕನೆಯ ಕಲಮಿನಡಿ ಘೋಷಿಸಬಹುದು. ಅಷ್ಟೇ. ಘೋಷಣೆಯಾದ ಮೇಲೂ ಕಾನೂನು ಕಾನೂನಾಗಿಯೇ ಉಳಿಯುತ್ತದೆ. ಅದನ್ನು ತಿದ್ದುವುದೂ ಬಿಡುವುದೂ ಪಾರ್ಲಿಮೆಂಟಿನ ಇಚ್ಛೆ. ಹತ್ತೊಂಬತ್ತನೆಯ ಕಲಂ ಮಂತ್ರಿಗಳಿಗೆ ಸಂಬಂಧಿಸಿದ್ದು. ಮಸೂದೆ ಮಂಡಿಸುವಾಗ ಅದು ಹಕ್ಕುಗಳಿಗೆ ಹೊಂದುತ್ತದೆ ಎಂದು ಮಂತ್ರಿ ಲಿಖಿತ ಹೇಳಿಕೆ ಕೊಡಬೇಕು. ಇಲ್ಲವೇ, ಹಾಗೆ ಹೇಳಲು ತನಗೆ ಆಗದು, ಆದರೂ ಸದನ ಮುಂದುವರಿಯಲಿ ಎಂದು ಬರೆದುಕೊಡಬೇಕು.

ಭಾರತದ ಓದುಗರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಮೂಲಭೂತ ಹಕ್ಕುಗಳು ಸಂವಿಧಾನದಲ್ಲೇ ಇವೆ. ಅವಕ್ಕೆ ವಿರುದ್ಧವಾದ ಕಾನೂನು ಅಷ್ಟರ ಮಟ್ಟಿಗೆ ಶೂನ್ಯ ಎಂದು ಹದಿಮೂರನೆಯ ವಿಧಿ ಹೇಳುತ್ತದೆ. ಸಂವಿಧಾನವನ್ನೇ ತಿದ್ದಿ ಇದನ್ನು ದಾಟಬಹುದೇ ಎಂಬ ಪ್ರಶ್ನೆ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದಿತು. ಬಹುಮತದ ಏಳು ಮಂದಿಯಲ್ಲಿ ಒಬ್ಬರಾದ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆಯವರನ್ನು ಅದರ ಬೆನ್ನಲ್ಲೇ ಮುಖ್ಯ ನ್ಯಾಯಮೂರ್ತಿ ಹುದ್ದೆಯ ಸರದಿಯಲ್ಲಿ ಕಡೆಗಣಿಸಿದಾಗ ಅವರು ರಾಜೀನಾಮೆ ಕೊಟ್ಟರು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ, ತಿದ್ದುಪಡಿಯ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದಿದ್ದ 42ನೇ ತಿದ್ದುಪಡಿಯ ಭಾಗವನ್ನೇ ಸುಪ್ರೀಂ ಕೋರ್ಟು ತೆಗೆದುಹಾಕಿತು. ಭಾರತದಲ್ಲಿ ಸಂವಿಧಾನ ಸಂಸತ್ತಿಗಿಂತ ದೊಡ್ಡದು. ಬ್ರಿಟನ್ನಿನಲ್ಲಿ ಹಕ್ಕುಗಳ ಕಾಯ್ದೆಯೂ ಪಾರ್ಲಿಮೆಂಟಿನ ಮಕ್ಕಳಲ್ಲಿ ಒಂದು; ಸಾಮಾನ್ಯ ಬಹುಮತ ಸಾಕು, ಅದನ್ನು ಅಳಿಸಬಹುದು.

ಬ್ರಿಟನ್ನಿನ ಒಳಗೇ ಇನ್ನೊಂದು ಸ್ವಾರಸ್ಯವಿದೆ. ಅದೇ 1998ರ ಕಾನೂನಿನಿಂದ ಸ್ಥಾಪಿತವಾದ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಹಕ್ಕುಗಳಿಗೆ ವಿರುದ್ಧವಾದ ಶಾಸನ ಮಾಡಿದರೆ ಅದು ಕಾನೂನೇ ಅಲ್ಲ. ನ್ಯಾಯಾಲಯ ಅದನ್ನು ಹೊಡೆದುಹಾಕಬಹುದು. ಸಾರ್ವಭೌಮತ್ವದ ವಿನಾಯಿತಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿಗೆ ಮಾತ್ರ.

ಬೆಲ್ಮಾರ್ಷ್ ಜೈಲಿನ ಪರೀಕ್ಷೆ

ಕಾಯ್ದೆಗೆ ನಿಜವಾದ ಪರೀಕ್ಷೆ ಬಂದದ್ದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ. 2001ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹೊಸ ಭಯೋತ್ಪಾದನೆ ನಿಗ್ರಹ ಕಾನೂನು ಮಾಡಿತು. ಭಯೋತ್ಪಾದಕರೆಂಬ ಶಂಕೆಯಿರುವ ವಿದೇಶೀಯರನ್ನು ವಿಚಾರಣೆಯಿಲ್ಲದೆ, ಅವಧಿಯ ಮಿತಿಯಿಲ್ಲದೆ ಬಂಧಿಸಿಡಲು ಗೃಹ ಸಚಿವರಿಗೆ ಅಧಿಕಾರ ಸಿಕ್ಕಿತು. ಇವರನ್ನು ತಾಯ್ನಾಡಿಗೆ ಕಳಿಸಬಾರದೇಕೆ? ಚಿತ್ರಹಿಂಸೆಯ ಭಯವಿರುವ ಕಡೆಗೆ ಯಾರನ್ನೂ ಗಡೀಪಾರು ಮಾಡುವಂತಿಲ್ಲ ಎಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ 1996ರಲ್ಲಿ, ಭಾರತಕ್ಕೆ ಕಳಿಸಲು ಹೊರಟಿದ್ದ ಸಿಖ್ ಕಾರ್ಯಕರ್ತನೊಬ್ಬನ ಪ್ರಕರಣದಲ್ಲಿ ಹೇಳಿತ್ತು. ಹೀಗೆ ಕಳಿಸಲೂ ಆಗದ, ಶಿಕ್ಷಿಸಲು ಮೊಕದ್ದಮೆಯನ್ನೂ ಹೂಡದ ಜನ ಬೆಲ್ಮಾರ್ಷ್ ಮೊದಲಾದ ಜೈಲುಗಳಲ್ಲಿ ಕೊಳೆಯುತ್ತಿದ್ದರು.

2004ರ ಡಿಸೆಂಬರ್ 16ರಂದು ಲಾರ್ಡ್ಸ್ ಸಭೆಯ ನ್ಯಾಯಪೀಠ ತೀರ್ಪು ಕೊಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟು ಆರಂಭವಾಗುವವರೆಗೂ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯ ಇದೇ. ಲಾರ್ಡ್ ಬಿಂಗಮ್ ನೇತೃತ್ವದ ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಬಂಧಿತರ ಪರ ನಿಂತರು. ಅವರ ತರ್ಕ ಸರಳ. ಬ್ರಿಟಿಷ್ ಪ್ರಜೆಗಳಲ್ಲೂ ಶಂಕಿತರಿದ್ದಾರೆ. ಅವರನ್ನು ಹೀಗೆ ಕೂಡಿಹಾಕದೆಯೇ ದೇಶವನ್ನು ಕಾಯಲು ಸಾಧ್ಯವಾಗಿದ್ದರೆ, ಅದೇ ಅಪಾಯಕ್ಕೆ ವಿದೇಶೀಯರನ್ನು ಮಾತ್ರ ಬಂಧಿಸುವುದು ಹೇಗೆ ಅಗತ್ಯವಾದೀತು? ಕಾನೂನು ಹಕ್ಕುಗಳಿಗೆ ವಿರುದ್ಧ ಎಂಬ ಘೋಷಣೆ ಹೊರಬಿತ್ತು.

ಆದರೆ ಜೈಲಿನ ಬಾಗಿಲು ತೆರೆಯಲಿಲ್ಲ. 8-1ರಿಂದ ಗೆದ್ದ ಮೇಲೂ ಬಂಧಿತರು ಆ ರಾತ್ರಿ ಅದೇ ಕೋಣೆಗಳಲ್ಲಿ ಮಲಗಿದರು. ಘೋಷಣೆಗೆ ಬೀಗ ತೆಗೆಯುವ ಶಕ್ತಿಯಿರಲಿಲ್ಲ. ಬೀಗದ ಕೈ ಪಾರ್ಲಿಮೆಂಟಿನ ಬಳಿಯೇ ಇತ್ತು. ತೀರ್ಪಿನ ಭಾರ ತಡೆಯಲಾರದೆ ಸರ್ಕಾರ ಹೊಸ ಮಸೂದೆ ತಂದಿತು. 2005ರ ಮಾರ್ಚಿನಲ್ಲಿ ಎರಡು ಸದನಗಳ ನಡುವೆ ಅದು ರಾತ್ರಿಯಿಡೀ ಅತ್ತಿಂದಿತ್ತ ಓಡಾಡಿ, ಮೂವತ್ತು ಗಂಟೆಗೂ ಮೀರಿದ ಕಲಾಪದ ನಂತರ ಕಾನೂನಾಯಿತು. ಮಿತಿಯಿಲ್ಲದ ಬಂಧನ ಹೋಗಿ ಅದರ ಜಾಗಕ್ಕೆ ಮನೆಯಲ್ಲಿರಿಸಿ ಕಾವಲು ಕಾಯುವ ‘ನಿಯಂತ್ರಣ ಆದೇಶ’ಗಳು ಬಂದವು. ಪೂರ್ಣ ಬಿಡುಗಡೆ ಅಲ್ಲ. ಆದರೆ ಪಾರ್ಲಿಮೆಂಟು ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಿತ್ತು.

1968ಕ್ಕೂ 2004ಕ್ಕೂ ಇರುವ ಅಂತರ ಇಲ್ಲಿದೆ. ಎರಡು ಸಲವೂ ಪಾರ್ಲಿಮೆಂಟಿನ ಅಧಿಕಾರ ಒಂದೇ. ಮೊದಲ ಸಲ ಅದರ ತಪ್ಪನ್ನು ತಪ್ಪೆಂದು ಹೇಳುವ ಅಧಿಕೃತ ದನಿ ದೇಶದೊಳಗೆ ಇರಲಿಲ್ಲ. ಎರಡನೆಯ ಸಲ ಇತ್ತು.

ಪದಗಳ ತಿದ್ದುಪಡಿ

ಸದ್ದಿಲ್ಲದ ಬದಲಾವಣೆ ನಡೆದದ್ದು ಮೂರನೆಯ ಕಲಮಿನಿಂದ. 1977ರ ಬಾಡಿಗೆ ಕಾನೂನಿನಲ್ಲಿ, ಬಾಡಿಗೆದಾರ ಸತ್ತರೆ ಆತನ ಜೊತೆ ಪತಿ ಅಥವಾ ಪತ್ನಿಯಂತೆ ಬಾಳಿದವರಿಗೆ ಮನೆಯ ಹಕ್ಕು ಮುಂದುವರಿಯುತ್ತದೆ ಎಂದಿತ್ತು. ಸಲಿಂಗಿ ಸಂಗಾತಿಗೆ ಇದು ಅನ್ವಯಿಸದು ಎಂದು 1999ರಲ್ಲಿ ಹೇಳಿದ್ದ ಲಾರ್ಡ್ಸ್ ಸಭೆಯ ನ್ಯಾಯಪೀಠವೇ, ಹಕ್ಕುಗಳ ಕಾಯ್ದೆ ಜಾರಿಗೆ ಬಂದ ಮೇಲೆ, 2004ರಲ್ಲಿ ಅದೇ ಮಾತುಗಳನ್ನು ಸಲಿಂಗಿ ಸಂಗಾತಿಗೂ ಸೇರುವಂತೆ ಓದಿತು. ಪಾರ್ಲಿಮೆಂಟು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಇದು ವ್ಯಾಖ್ಯಾನದ ಹೆಸರಿನಲ್ಲಿ ನ್ಯಾಯಾಧೀಶರು ಶಾಸನ ಮಾಡಿದಂತೆ ಎಂಬುದು ಟೀಕಾಕಾರರ ದೂರು. ಹೀಗೆ ಓದಿರೆಂದು ಆದೇಶಿಸಿದ್ದು ಪಾರ್ಲಿಮೆಂಟೇ ಅಲ್ಲವೇ ಎಂಬುದು ಸಮರ್ಥಕರ ಉತ್ತರ. ಎರಡರಲ್ಲೂ ಹುರುಳಿದೆ.

ಘೋಷಣೆಗಳು ಮಾತ್ರ ವಿರಳ. 2022ರ ವೇಳೆಗೆ ಅವುಗಳ ಸಂಖ್ಯೆ ಐವತ್ತನ್ನೂ ಮುಟ್ಟಿರಲಿಲ್ಲ. ಅವುಗಳಲ್ಲೂ ಕೆಲವು ಮೇಲ್ಮನವಿಯಲ್ಲಿ ಬಿದ್ದುಹೋಗಿದ್ದವು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಪಾರ್ಲಿಮೆಂಟು ಅಥವಾ ಸರ್ಕಾರ ತಲೆಬಾಗಿದೆ. ಲಿಂಗ ಬದಲಿಸಿಕೊಂಡ ಮಹಿಳೆಯೊಬ್ಬರ ವಿವಾಹಕ್ಕೆ ಮಾನ್ಯತೆ ಇಲ್ಲದಿರುವುದು ಹಕ್ಕುಗಳಿಗೆ ವಿರುದ್ಧ ಎಂದು 2003ರಲ್ಲಿ ಘೋಷಣೆಯಾದಾಗ, ಮರುವರ್ಷ ಲಿಂಗ ಮಾನ್ಯತೆಯ ಕಾನೂನು ಬಂತು.

ತಲೆಬಾಗದ ಪ್ರಸಂಗವೂ ಇದೆ. ಶಿಕ್ಷೆ ಅನುಭವಿಸುತ್ತಿರುವ ಎಲ್ಲ ಕೈದಿಗಳಿಗೂ ಸಾರಾಸಗಟಾಗಿ ಮತದಾನ ನಿಷೇಧಿಸುವುದು ತಪ್ಪು ಎಂದು ಸ್ಟ್ರಾಸ್‌ಬರ್ಗ್ 2005ರಲ್ಲಿ ಹೇಳಿತು. ಸ್ಕಾಟ್ಲೆಂಡಿನ ನ್ಯಾಯಾಲಯ 2007ರಲ್ಲಿ ಘೋಷಣೆಯನ್ನೂ ಹೊರಡಿಸಿತು. 2011ರ ಫೆಬ್ರುವರಿ 10ರಂದು ಕಾಮನ್ಸ್ ಸಭೆ 234-22 ಮತಗಳಿಂದ ನಿಷೇಧ ಮುಂದುವರಿಯಲಿ ಎಂದಿತು. ಯಾವ ನ್ಯಾಯಾಧೀಶನೂ ಅದನ್ನು ತಡೆಯಲಿಲ್ಲ, ತಡೆಯುವಂತೆಯೂ ಇರಲಿಲ್ಲ. ಕೊನೆಗೆ 2017ರಲ್ಲಿ, ತಾತ್ಕಾಲಿಕವಾಗಿ ಹೊರಬರುವ ಕೈದಿಗಳು ಮತ ಹಾಕಬಹುದೆಂಬ ಸಣ್ಣ ಆಡಳಿತಾತ್ಮಕ ಬದಲಾವಣೆಯಲ್ಲಿ ಜಗಳ ತಣ್ಣಗಾಯಿತು. ಕಾನೂನು ಹಾಗೆಯೇ ಉಳಿಯಿತು.

ರುವಾಂಡಾದ ಪಾಠ

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಬಯಲಾದದ್ದು ರುವಾಂಡಾ ಪ್ರಸಂಗದಲ್ಲಿ. ಆಶ್ರಯ ಕೋರಿ ಸಣ್ಣ ದೋಣಿಗಳಲ್ಲಿ ಬರುವವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುವ ಯೋಜನೆಯನ್ನು ಬ್ರಿಟಿಷ್ ಸರ್ಕಾರ 2022ರ ಏಪ್ರಿಲಿನಲ್ಲಿ ಪ್ರಕಟಿಸಿತು. ಜೂನ್ 14ರಂದು ಹೊರಡಬೇಕಿದ್ದ ಮೊದಲ ವಿಮಾನ ಸ್ಟ್ರಾಸ್‌ಬರ್ಗಿನ ಮಧ್ಯಂತರ ಆದೇಶದಿಂದ ನಿಂತಿತು. 2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ, ಅಲ್ಲಿಂದ ನಿರಾಶ್ರಿತರನ್ನು ಮತ್ತೆ ಅಪಾಯದ ಬಾಯಿಗೆ ತಳ್ಳುವ ಸಂಭವವಿರುವುದರಿಂದ ಯೋಜನೆ ಕಾನೂನುಬಾಹಿರ ಎಂದರು.

ಸರ್ಕಾರದ ಉತ್ತರ 2024ರ ಏಪ್ರಿಲಿನಲ್ಲಿ ಕಾನೂನಾಗಿ ಬಂತು. ರುವಾಂಡಾ ಸುರಕ್ಷಿತ ದೇಶ ಎಂದೇ ಎಲ್ಲ ನ್ಯಾಯಾಲಯಗಳೂ ಭಾವಿಸತಕ್ಕದ್ದು! ಮಾನವ ಹಕ್ಕುಗಳ ಕಾಯ್ದೆಯ ಹಲವು ಕಲಮುಗಳು ಇಲ್ಲಿ ಅನ್ವಯಿಸುವುದಿಲ್ಲ ಎಂದೂ ಅದು ಹೇಳಿತು. ಸಾಕ್ಷ್ಯ ನೋಡಿ ನ್ಯಾಯಾಲಯ ಕಂಡುಕೊಂಡ ಸಂಗತಿಯನ್ನು ಕೈ ಎತ್ತಿಸಿ ಬದಲಿಸಿದ ಕ್ರಮ ಇದು. ಡೈಸಿಯ ಸಿದ್ಧಾಂತದಂತೆ ಪಾರ್ಲಿಮೆಂಟಿಗೆ ಇದೂ ಸಾಧ್ಯ. ಆದರೆ ಎರಡು ಗೆರೆಗಳನ್ನು ಅಳಿಸಲು ಆಗಿರಲಿಲ್ಲ. ಒಂದು, ನ್ಯಾಯಾಲಯದ ಘೋಷಣೆಯ ಅಧಿಕಾರ ಹಾಗೆಯೇ ಉಳಿದಿತ್ತು. ಇನ್ನೊಂದು, ಈ ಮಸೂದೆ ಹಕ್ಕುಗಳಿಗೆ ಹೊಂದುತ್ತದೆಂದು ಹೇಳಲು ತನಗೆ ಸಾಧ್ಯವಿಲ್ಲ ಎಂದು ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಮಸೂದೆಯ ಮೊದಲ ಪುಟದಲ್ಲೇ ಬರೆದುಕೊಡಬೇಕಾಯಿತು. ಮತ ಹಾಕಿದ ಪ್ರತಿ ಸದಸ್ಯನ ಮುಂದೆಯೂ ಆ ಹೇಳಿಕೆ ಇತ್ತು. ಯಾರನ್ನೂ ಬಲವಂತವಾಗಿ ಕಳಿಸುವ ಮುನ್ನ, 2024ರ ಜುಲೈ ಚುನಾವಣೆಯಲ್ಲಿ ಗೆದ್ದ ಲೇಬರ್ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಯೋಜನೆಗೆ ಅಂತ್ಯ ಹಾಡಿದ್ದು ನ್ಯಾಯಾಧೀಶರಲ್ಲ, ಮತದಾರರು ಆರಿಸಿದ ಹೊಸ ಸರ್ಕಾರ.

ಮಾನವ ಹಕ್ಕುಗಳ ಕಾಯ್ದೆ ಪಾರ್ಲಿಮೆಂಟಿನ ಸಾರ್ವಭೌಮತ್ವಕ್ಕೆ ಮಾಡಿದ್ದೇನು ಎಂಬುದಕ್ಕೆ ಉತ್ತರ ಈ ಪ್ರಸಂಗಗಳಲ್ಲೇ ಸಿಗುತ್ತದೆ. ಕಾಯ್ದೆ ಜಾರಿಗೆ ಬರುವ ಮುನ್ನವೇ, 1999ರಲ್ಲಿ, ಪತ್ರಕರ್ತರನ್ನು ಭೇಟಿಯಾಗಲು ಬಯಸಿದ ಕೈದಿಗಳ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಹಾಫ್‌ಮನ್ ಈ ಸೂಕ್ಷ್ಮವನ್ನು ಗುರುತಿಸಿದ್ದರು: ಹಕ್ಕುಗಳಿಗೆ ವಿರುದ್ಧವಾದ ಕಾನೂನನ್ನು ಪಾರ್ಲಿಮೆಂಟು ಮಾಡಬಹುದು, ಆದರೆ ತಾನೇನು ಮಾಡುತ್ತಿದ್ದೇನೆಂದು ನೇರವಾಗಿ ಎದುರಿಸಿ, ಅದರ ರಾಜಕೀಯ ಬೆಲೆ ತೆತ್ತು ಮಾಡಬೇಕು. ಅಧಿಕಾರ ಕುಗ್ಗಿಲ್ಲ, ಅದನ್ನು ಮರೆಯಲ್ಲಿ ನಿಂತು ಬಳಸುವ ಅನುಕೂಲ ತಪ್ಪಿದೆ.

ಇದು ಸಾಕೇ ಎಂಬುದು ಬೇರೆ ಪ್ರಶ್ನೆ. ಕಾಯ್ದೆಯ ಬದಲಿಗೆ ಬೇರೊಂದನ್ನು ತರಲು 2022ರಲ್ಲಿ ಮಂಡಿಸಿದ ಮಸೂದೆಯನ್ನು ಮರುವರ್ಷ ಸರ್ಕಾರವೇ ಕೈಬಿಟ್ಟಿತು. 2025ರ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷ, ಅಧಿಕಾರಕ್ಕೆ ಬಂದರೆ ಒಡಂಬಡಿಕೆಯಿಂದಲೇ ಹೊರಬರುವುದಾಗಿ ಘೋಷಿಸಿತು. ಕಾನೂನಿನ ದೃಷ್ಟಿಯಿಂದ ಅದಕ್ಕೂ ಅಡ್ಡಿಯಿಲ್ಲ. ಲೋಕಾಪವಾದಕ್ಕೆ ಅಂಜುವ ಸದನವಿರುವಷ್ಟು ಕಾಲ ಘೋಷಣೆಯೊಂದೇ ಸಾಕು. ಅಂಜಿಕೆ ಹೋದ ದಿನ ಬೆಲ್ಮಾರ್ಷಿನ ಬಂಧಿತನಂಥವನಿಗೆ ತೀರ್ಪಿನ ಪ್ರತಿ ಸಿಗಬಹುದು, ಬಿಡುಗಡೆ ಸಿಗಲಾರದು. ಹಾಗಾಗಿ ಬ್ರಿಟನ್ನಿನಲ್ಲಿ ಹಕ್ಕುಗಳ ಕಾವಲು ನ್ಯಾಯಾಲಯದಲ್ಲಿ ಮುಗಿಯುವುದಿಲ್ಲ. ಅದು ಸದನದ ಬೆಂಚುಗಳ ಮೇಲೆ, ಅಲ್ಲಿಗೆ ಸದಸ್ಯರನ್ನು ಕಳಿಸುವ ಮತದಾರರ ಮೇಲೆ ನಿಂತಿದೆ.